ನೆರಳು ಎಷ್ಟು, ಬೆಳಕು ಎಷ್ಟು?
ಕಾಫಿಯ ಬೆಟ್ಟಗಳಲ್ಲಿ ತರುಣ ಕೆಲಸಗಾರರ ಬೆಳವಣಿಗೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಸೀಮೆಯಲ್ಲಿ ಕಾಫಿಯ ಸಸಿಗಳನ್ನು ಬೆಳೆಸುವ ಕ್ರಮ ನೋಡತಕ್ಕದ್ದು. ಡಿಸೆಂಬರ್–ಜನವರಿ ತಿಂಗಳುಗಳಲ್ಲಿ ಪಾತಿಯಲ್ಲಿ ಬೀಜವನ್ನು ಊರುತ್ತಾರೆ. ಸುಮಾರು ಒಂದೂವರೆ ತಿಂಗಳಿಗೆ ಮೊಳಕೆಯು ಬೀಜವನ್ನೇ ಟೋಪಿಯಂತೆ ತಲೆಯ ಮೇಲೆ ಹೊತ್ತು ಮಣ್ಣಿನಿಂದ ಮೇಲೇಳುತ್ತದೆ. ಆ ಎಳೆಯ ಸಸಿಗಳನ್ನು ಗೊಬ್ಬರ ಮಣ್ಣು ತುಂಬಿದ ಚೀಲಗಳಿಗೆ ವರ್ಗಾಯಿಸಿ, ಚಪ್ಪರದ ನೆರಳಿನಲ್ಲಿಟ್ಟು ನೀರುಣಿಸುತ್ತಾರೆ. ಮಳೆಗಾಲ ಸಮೀಪಿಸಿದಂತೆ ಚಪ್ಪರದ ನೆರಳನ್ನು ಸ್ವಲ್ಪಸ್ವಲ್ಪವಾಗಿ ತೆಳುಮಾಡುತ್ತಾರೆ. ಒಮ್ಮೆಗೇ ಚಪ್ಪರ ಕಿತ್ತರೆ ಸಸಿ ಸುಟ್ಟುಹೋಗುತ್ತದೆ. ಕೀಳದೆಯೇ ಬಿಟ್ಟರೆ ಅದು ನೀಳವಾಗಿ, ಬಡಕಲಾಗಿ ಬೆಳೆದು, ತೋಟದಲ್ಲಿ ನೆಟ್ಟ ಮೇಲೆ ತಡೆದುಕೊಳ್ಳಲಾರದು. ನೆಟ್ಟ ಮೇಲೂ ಹಾಲುವಾಣದ ನೆರಳು ಅದಕ್ಕೆ ಬೇಕು. ಆದರೆ ವರ್ಷವರ್ಷವೂ ಮರದ ಕೊಂಬೆಗಳನ್ನು ಸವರಿ ಬೆಳಕನ್ನು ಬಿಡದಿದ್ದರೆ ಗಿಡ ಹೂ ಕಟ್ಟುವುದಿಲ್ಲ.

ಗಿಡದ ವಿಷಯದಲ್ಲಿ ಇಷ್ಟು ಜಾಗರೂಕರಾದ ನಾವು ಅದೇ ತೋಟಕ್ಕೆ ಹೊಸದಾಗಿ ಬಂದ ತರುಣನ ವಿಷಯದಲ್ಲಿ ಹಾಗಿರುವೆವೇ? ಹದಿನೆಂಟು–ಇಪ್ಪತ್ತು ವರ್ಷದ ಹುಡುಗನೊಬ್ಬ ರೈಟರಾಗಿಯೋ ಆಳಾಗಿಯೋ ಬಂದು ಸೇರಿದರೆ, ಮೊದಲ ದಿನವೇ ಕೆಲಸವನ್ನು ಒಪ್ಪಿಸಿ ಬಿಟ್ಟುಬಿಡುವವರುಂಟು. ಹತ್ತು ವರ್ಷ ಕಳೆದರೂ ಸ್ವಂತ ನಿರ್ಣಯ ಮಾಡಲು ಅವಕಾಶ ಕೊಡದವರೂ ಉಂಟು. ಮೊದಲನೆಯವನು ಬಾಡುತ್ತಾನೆ; ಎರಡನೆಯವನು ಬಡಕಲಾಗುತ್ತಾನೆ.

ಇದು ಕೇವಲ ಸೌಜನ್ಯದ ಪ್ರಶ್ನೆಯಲ್ಲ. ಈ ಸೀಮೆಯ ತೋಟಗಳಲ್ಲಿ ಕೆಲಸಗಾರರ ಕೊರತೆ ವರ್ಷವರ್ಷಕ್ಕೂ ಹೆಚ್ಚುತ್ತಿದೆ. ಊರಿನ ಮಕ್ಕಳು ಬೆಂಗಳೂರಿನ ಹಾದಿ ಹಿಡಿದಿದ್ದಾರೆ. ಅವರ ಸ್ಥಾನಕ್ಕೆ ಅಸ್ಸಾಂ ಮೊದಲಾದ ದೂರದ ರಾಜ್ಯಗಳಿಂದ ಕನ್ನಡವರಿಯದ ತರುಣರು ಬರುತ್ತಿದ್ದಾರೆ. ಇನ್ನೊಂದೆಡೆ ಗಿಡದ ಕಸಿ, ಮರದ ಕಸಿ, ಕಣದ ಕೆಲಸಗಳಲ್ಲಿ ಕೈ ಪಳಗಿದ ಹಿರಿಯರು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿದ್ದಾರೆ. ಅವರ ಬೆರಳುಗಳಲ್ಲಿರುವ ವಿದ್ಯೆ ಯಾವ ಪುಸ್ತಕದಲ್ಲಿಯೂ ಪೂರ್ಣವಾಗಿಲ್ಲ. ಅದು ಮುಂದಿನವರ ಬೆರಳಿಗೆ ಇಳಿಯದಿದ್ದರೆ ಅವರೊಂದಿಗೇ ಅಳಿಯುವುದು. ಆದುದರಿಂದ ಹೊಸಬನು ಹೇಗೆ ಕಲಿಯುತ್ತಾನೆ, ಯಾವುದರಿಂದ ಬೆಳೆಯುತ್ತಾನೆ ಎಂಬುದನ್ನು ವಿಜ್ಞಾನದ ದೃಷ್ಟಿಯಿಂದ ವಿಚಾರಿಸುವುದು ಯುಕ್ತವಾಗಿದೆ.

ಕಣ್ಣಿಗೆ ಪಾಠ

ಕಾಫಿಯ ಬೆಳೆಗಾರನಿಗೆ ಬಿಳಿ ಕಾಂಡಕೊರಕವೆಂಬ ದುಂಬಿ ದೊಡ್ಡ ಶತ್ರು. ತೋಟದವರು ಇದನ್ನು ‘ಬೋರರ್’ ಎಂದೇ ಕರೆಯುತ್ತಾರೆ. ಅರೇಬಿಕಾ ಗಿಡದ ತೊಗಟೆಯ ಬಿರುಕುಗಳಲ್ಲಿ ಹೆಣ್ಣುದುಂಬಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ದುಂಬಿಗಳು ಹೊರಗೆ ಹಾರುವುದು ಮುಖ್ಯವಾಗಿ ಏಪ್ರಿಲ್–ಮೇ ತಿಂಗಳುಗಳಲ್ಲಿಯೂ ಅಕ್ಟೋಬರಿನಿಂದ ಡಿಸೆಂಬರಿನವರೆಗೂ. ಅದಕ್ಕೆ ಮುಂಚೆಯೇ ಹುಳು ಹೊಕ್ಕ ಗಿಡಗಳನ್ನು ಪತ್ತೆಹಚ್ಚಿ, ಕಿತ್ತು, ಸುಡಬೇಕು. ಬಿಟ್ಟ ಒಂದು ಗಿಡ ಮುಂದೆ ಹಲವು ಗಿಡಗಳಿಗೆ ಮೃತ್ಯುವಾಗುತ್ತದೆ.

ಆದರೆ ಸಾವಿರಾರು ಗಿಡಗಳ ನಡುವೆ ರೋಗಿಷ್ಠ ಗಿಡವನ್ನು ಗುರುತಿಸುವುದೆಂತು? ಎಲೆ ಸ್ವಲ್ಪ ಹಳದಿಯಾಗಿರುತ್ತದೆ. ಕಾಂಡದ ಮೇಲೆ ಹುಳು ಹಾದ ದಾರಿಯುದ್ದಕ್ಕೂ ತೊಗಟೆ ಏಣಿನಂತೆ ಉಬ್ಬಿರುತ್ತದೆ. ಅನುಭವಿಯಾದ ಮೇಸ್ತ್ರಿ ನಡೆಯುತ್ತಾ ನಡೆಯುತ್ತಲೇ ಇದನ್ನು ಕಾಣುತ್ತಾನೆ. ಹೊಸಬನಿಗೆ ಎಲ್ಲ ಗಿಡಗಳೂ ಒಂದೇ. “ಹೇಗೆ ಗೊತ್ತಾಯಿತು?” ಎಂದು ಕೇಳಿದರೆ, “ನೋಡಿ ನೋಡಿ ಗೊತ್ತಾಗುತ್ತದೆ” ಎಂಬ ಉತ್ತರ ಬರುವುದು ಸಾಮಾನ್ಯ.

ಈ ‘ನೋಡಿ ನೋಡಿ’ಗೆ ವರ್ಷಗಳೇ ಬೇಕೆ? ಕೋಳಿಸಾಕಣೆಯಲ್ಲಿ ಇಂಥದೇ ಒಂದು ಕೆಲಸವುಂಟು. ಒಂದು ದಿನದ ಕೋಳಿಮರಿ ಗಂಡೋ ಹೆಣ್ಣೋ ಎಂಬುದನ್ನು ಕ್ಷಣದಲ್ಲಿ ಹೇಳಬಲ್ಲ ಪರಿಣತರಿದ್ದಾರೆ. ಅವರ ವಿದ್ಯೆ ದೀರ್ಘಕಾಲದ ಅಭ್ಯಾಸದಿಂದ ಬಂದದ್ದು. ೧೯೮೭ರಲ್ಲಿ ಬೀಡರ್‌ಮನ್ ಮತ್ತು ಶಿಫ್ರಾರ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಬ್ಬ ಹಿರಿಯ ಪರಿಣತನ ನೆರವಿನಿಂದ, ಎಲ್ಲಿ ನೋಡಬೇಕು, ಯಾವ ಆಕಾರವನ್ನು ಗಮನಿಸಬೇಕು ಎಂಬುದನ್ನು ಒಂದೇ ಪುಟದ ಸೂಚನೆಯಾಗಿ ಬರೆದರು. ಅದನ್ನು ಓದಿಕೊಂಡ ಅನನುಭವಿಗಳು ಕಠಿಣವಾದ ಛಾಯಾಚಿತ್ರಗಳನ್ನು ಹೆಚ್ಚುಕಡಿಮೆ ಅನುಭವಿಗಳಷ್ಟೇ ಸರಿಯಾಗಿ ವಿಂಗಡಿಸಿದರು. ಚಿತ್ರವೇ ಬೇರೆ, ಕೈಯಲ್ಲಿ ಮಿಸುಕುವ ಮರಿಯೇ ಬೇರೆ ಎಂಬುದು ನಿಜ. ಆದರೂ ಇದರಿಂದ ತಿಳಿಯುವುದೇನೆಂದರೆ, ಪರಿಣತನ ವಿದ್ಯೆಯಲ್ಲಿ ಒಂದು ಭಾಗವನ್ನಾದರೂ ಮಾತಿಗೆ ಇಳಿಸಬಹುದು. ಇಳಿಸಿದರೆ ಹೊಸಬನ ದಾರಿ ಬಹಳ ಹತ್ತಿರವಾಗುತ್ತದೆ.

ಆದುದರಿಂದ, “ಇಲ್ಲಿ ನೋಡಿ ರೈಟರೇ, ಈ ಉಬ್ಬಿನ ಮೇಲೆ ಬೆರಳು ಎಳೆಯಿರಿ; ಪಕ್ಕದ ಗಿಡದ ಮೇಲೂ ಎಳೆಯಿರಿ; ಭೇದ ತಿಳಿಯಿತೆ?” ಎಂದು ಮೇಸ್ತ್ರಿ ಹೇಳುವ ಒಂದು ಮಾತು, ಸುಮ್ಮನೆ ಹಿಂದೆ ತಿರುಗಿದ ಒಂದು ತಿಂಗಳಿಗೆ ಸಮವಾದೀತು. ರೋಗದ ಗಿಡ ಮತ್ತು ಆರೋಗ್ಯದ ಗಿಡಗಳನ್ನು ಜೋಡಿಯಾಗಿ ತೋರಿಸುವುದು ಇನ್ನೂ ಒಳ್ಳೆಯದು. ಭಾಷೆ ಬಾರದ ಹೊಸ ಕೆಲಸಗಾರನಿಗಂತೂ ಇದೇ ಭಾಷೆ.

ಫಲವನ್ನು ತಿಳಿಸುವುದು

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದ ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿ ಒಂದು ಸರಳ ಪ್ರಯೋಗವನ್ನು ನಡೆಸಿದನು. ಜನರ ಕಣ್ಣು ಮುಚ್ಚಿಸಿ, ಇಂತಿಷ್ಟು ಉದ್ದದ ಗೆರೆಯನ್ನು ಎಳೆಯಿರಿ ಎಂದು ಹೇಳಿ, ನೂರಾರು ಸಲ ಎಳೆಯಿಸಿದನು. ಗೆರೆ ಸರಿಯೋ ತಪ್ಪೋ ಎಂದು ತಿಳಿಸದಿದ್ದಾಗ, ಎಷ್ಟು ಸಲ ಎಳೆದರೂ ಕೈ ಸುಧಾರಿಸಲಿಲ್ಲ. ಪ್ರತಿ ಸಲವೂ ಸರಿ–ತಪ್ಪುಗಳನ್ನು ತಿಳಿಸಿದಾಗ ಕೈ ಬೇಗನೆ ಹಿಡಿತಕ್ಕೆ ಬಂದಿತು. ಅಭ್ಯಾಸದಿಂದ ಸಿದ್ಧಿ ಎಂಬ ಮಾತಿಗೆ ಇದು ಒಂದು ತಿದ್ದುಪಡಿ: ಫಲವನ್ನು ತಿಳಿಯದ ಅಭ್ಯಾಸ ಬರಿಯ ಆವರ್ತನೆ.

ಕಾಫಿಯ ಕುಯ್ಲನ್ನು ಇದರೊಂದಿಗೆ ಹೋಲಿಸಿ ನೋಡೋಣ. ಗಿಡದಲ್ಲಿ ಹಸಿರು ಕಾಯಿ, ಅರೆಹಣ್ಣು, ಕೆಂಪು ಹಣ್ಣು ಎಲ್ಲವೂ ಒಟ್ಟಿಗೆ ಇರುತ್ತವೆ. ಕೆಂಪಾದುದನ್ನೇ ಆರಿಸಿ ಬಿಡಿಸಬೇಕು. ಹಸಿರು ಬೆರೆತರೆ ರುಚಿ ಕೆಡುತ್ತದೆ. ಸಂಜೆ ಚೀಲಗಳನ್ನು ತೂಗಿ ಲೆಕ್ಕ ಬರೆದು ಕಳುಹಿಸುವುದು ವಾಡಿಕೆ. ಹೀಗೆ ಮಾಡಿದಲ್ಲಿ ಹೊಸಬಳಾದ ಕೆಲಸದಾಕೆಗೆ ತಿಳಿಯುವುದು ತೂಕ ಮಾತ್ರ. ತೂಕ ಒಂದನ್ನೇ ತಿಳಿಸಿದರೆ ಆಕೆ ತೂಕವನ್ನೇ ಹೆಚ್ಚಿಸುತ್ತಾಳೆ. ಹಸಿರು ಕಾಯಿಗೂ ತೂಕವಿದೆಯಷ್ಟೆ! ಆಕೆಯ ಚೀಲದಿಂದ ಒಂದು ಬೊಗಸೆ ತೆಗೆದು, ಆಕೆಯ ಎದುರಿಗೇ ಹರಡಿ, ನೂರು ಹಣ್ಣಿನಲ್ಲಿ ಹಸಿರು ಎಷ್ಟೆಂದು ಎಣಿಸಿ ತೋರಿಸಿದರೆ ಎರಡು ನಿಮಿಷ ಹಿಡಿಯುವುದು. ನಾಳೆ ಮತ್ತೆ ಎಣಿಸಬೇಕು. ಸುಧಾರಿಸಿದ್ದರೆ ಅದನ್ನೂ ಹೇಳಬೇಕು. ವಾರ ಕಳೆದ ಮೇಲೆ ಒಟ್ಟಾಗಿ ಗದರಿಸುವುದಕ್ಕೂ ಅಂದೇ ಸಂಜೆ ಎಣಿಸಿ ತೋರಿಸುವುದಕ್ಕೂ ಬಹಳ ಅಂತರವಿದೆ. ಗದರಿಕೆಯಿಂದ ತಿಳಿಯುವುದು ಸಾಹುಕಾರರ ಕೋಪ. ಎಣಿಕೆಯಿಂದ ತಿಳಿಯುವುದು ತನ್ನ ಕೈಯ ಸ್ಥಿತಿ.

ಕಾರಣವನ್ನು ತಿಳಿಸುವುದು

ನಿಯಮವನ್ನು ಮಾತ್ರ ಕಲಿತವನು ನಿಯಮಕ್ಕೆ ಒಳಪಡದ ಸಂದರ್ಭ ಬಂದಾಗ ದಿಕ್ಕುಗೆಡುತ್ತಾನೆ. ಕಣದ ಕೆಲಸದಿಂದ ಇದಕ್ಕೆ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಣ್ಣಿನ ಸಿಪ್ಪೆಯನ್ನು ಪಲ್ಪರಿನಲ್ಲಿ ತೆಗೆದು, ಬೀಜವನ್ನು ತೊಳೆದ ಮೇಲೆ ಉಳಿಯುವುದು ಹಸಿ ಪಾರ್ಚ್‌ಮೆಂಟ್. ಇದರ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ನೀರೇ. ಇದನ್ನು ಕಣದಲ್ಲಿ ಹರಡಿ, ಆಗಾಗ ಕೈಯಾಡಿಸಿ, ಸಂಜೆ ಗುಡ್ಡೆಮಾಡಿ ಮುಚ್ಚಿ, ತೇವಾಂಶ ನೂರಕ್ಕೆ ಹತ್ತಕ್ಕೆ ಇಳಿಯುವವರೆಗೆ ಒಣಗಿಸಬೇಕು.

ನೂರು ಕಿಲೋಗ್ರಾಂ ಹಸಿ ಪಾರ್ಚ್‌ಮೆಂಟಿನಲ್ಲಿ ೫೨ ಕಿಲೋ ನೀರು, ೪೮ ಕಿಲೋ ಒಣ ಪದಾರ್ಥ ಇದೆಯೆಂದು ಇಟ್ಟುಕೊಳ್ಳೋಣ. ತೇವಾಂಶವನ್ನು ೫೨ರಿಂದ ೧೦ಕ್ಕೆ ಇಳಿಸಬೇಕು. ಎಷ್ಟು ಕಿಲೋ ಉಳಿದಾಗ ಒಣಗಿತೆಂದು ಹೇಳಬಹುದು? ಹೊಸ ರೈಟರನ್ನು ಕೇಳಿದರೆ, “೪೨ ಕಿಲೋ ನೀರು ಹೋಗಬೇಕು, ೫೮ ಉಳಿಯುತ್ತದೆ” ಎಂದು ಹೇಳುವ ಸಂಭವವೇ ಹೆಚ್ಚು. ನಮ್ಮ ಭೌತವಿಜ್ಞಾನದ ತರಗತಿಗಳಲ್ಲಿಯೂ ಇದೇ ಉತ್ತರ ಬರುತ್ತದೆ. ಆದರೆ ಆ ೫೮ ಕಿಲೋದಲ್ಲಿ ಇನ್ನೂ ೧೦ ಕಿಲೋ ನೀರಿದೆ. ಎಂದರೆ ತೇವಾಂಶ ನೂರಕ್ಕೆ ೧೭! ಮೂಟೆಯಲ್ಲಿ ಬೂಷ್ಟು ಹಿಡಿಯಲು ಅಷ್ಟು ಧಾರಾಳವಾಗಿ ಸಾಕು. ಬದಲಾಗದೆ ಉಳಿಯುವುದು ೪೮ ಕಿಲೋ ಒಣ ಪದಾರ್ಥ. ಅದು ಒಟ್ಟಿನ ನೂರಕ್ಕೆ ೯೦ ಭಾಗವಾಗಬೇಕಾದರೆ ಒಟ್ಟು ತೂಕ ೫೩.೩ ಕಿಲೋಕ್ಕೆ ಇಳಿಯಬೇಕು. ಈ ಐದು ಕಿಲೋ ಅಂತರದಲ್ಲಿ ಒಂದು ವರ್ಷದ ಶ್ರಮ ಅಡಗಿದೆ.

ಹಳಬರು ಈ ಲೆಕ್ಕವನ್ನು ಮಾಡುವುದಿಲ್ಲ. ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ಅಥವಾ ನಿರ್ದಿಷ್ಟ ಗಾತ್ರದ ಅಳತೆಯ ಪಾತ್ರೆಯಲ್ಲಿ ತುಂಬಿ, ದಿನದಿನವೂ ತೂಗಿ, ತೂಕ ಇಳಿಯುವುದು ನಿಂತಿತೇ ಎಂದು ಪರೀಕ್ಷಿಸುತ್ತಾರೆ. ಇವು ಒಳ್ಳೆಯ ವಿಧಾನಗಳೇ. ಆದರೆ ‘ಏಕೆ’ ಎಂಬುದನ್ನೂ ಕೂಡಿಸಿ ಹೇಳಿದರೆ ತರುಣನಿಗೆ ಹೊಸ ಬಲ ಬರುತ್ತದೆ. ಸಂಜೆ ಮುಚ್ಚುವುದು ಏಕೆ? ರಾತ್ರಿ ಗಾಳಿ ತಣ್ಣಗಾಗಿ ಇಬ್ಬನಿ ಇಳಿಯುತ್ತದೆ. ಒಣಗಿದ ಬೀಜ ಆ ತೇವವನ್ನು ಮತ್ತೆ ಹೀರುತ್ತದೆ. ಕೈಯಾಡಿಸುವುದು ಏಕೆ? ಮೇಲಿನ ಪದರಕ್ಕೆ ಬಿಸಿಲೂ ಗಾಳಿಯೂ ತಾಗುತ್ತವೆ, ಕೆಳಗಿನದಕ್ಕೆ ತಾಗುವುದಿಲ್ಲ. ಇದನ್ನು ಅರಿತವನು ಅಕಾಲದಲ್ಲಿ ಮೋಡ ಕವಿದ ದಿನ ಯಾರ ಅಪ್ಪಣೆಗೂ ಕಾಯದೆ ಹರಹನ್ನು ತೆಳುಮಾಡುತ್ತಾನೆ. ನಿಯಮ ಮಾತ್ರ ಬಲ್ಲವನು ಗಂಟೆಗೊಮ್ಮೆ ಕೈಯಾಡಿಸಿ ತೃಪ್ತನಾಗುತ್ತಾನೆ.

ಕಲಿಕೆಯ ಮಟ್ಟಪ್ರದೇಶ

೧೮೯೭ರಲ್ಲಿ ಬ್ರಯನ್ ಮತ್ತು ಹಾರ್ಟರ್ ಎಂಬವರು ತಂತಿ ಕಚೇರಿಯ ಕೆಲಸ ಕಲಿಯುವ ತರುಣರನ್ನು ವಾರವಾರವೂ ಪರೀಕ್ಷಿಸಿ, ಅವರ ವೇಗವನ್ನು ನಕ್ಷೆಯಲ್ಲಿ ಗುರುತಿಸಿದರು. ಸಂದೇಶವನ್ನು ಕೇಳಿ ಬರೆದುಕೊಳ್ಳುವ ವೇಗ ಮೊದಲು ಏರಿತು, ಆಮೇಲೆ ಹಲವು ವಾರಗಳ ಕಾಲ ಬೆಟ್ಟದ ನಡುವಣ ಮಟ್ಟಪ್ರದೇಶದಂತೆ ನಿಂತಲ್ಲೇ ನಿಂತಿತು, ಮತ್ತೆ ಏರಿತು. ಮೊದಲು ಒಂದೊಂದು ಅಕ್ಷರವನ್ನು ಕೇಳುತ್ತಿದ್ದವರು, ಆ ಮಟ್ಟಪ್ರದೇಶದಲ್ಲಿದ್ದಾಗ ಒಳಗೊಳಗೇ ಇಡೀ ಪದಗಳನ್ನು ಕೇಳಲು ಕಲಿಯುತ್ತಿದ್ದರೆಂದು ಅವರು ವಿವರಿಸಿದರು. ಇದು ಎಲ್ಲರಲ್ಲಿಯೂ ಎಲ್ಲ ಕೆಲಸಗಳಲ್ಲಿಯೂ ಕಾಣುವುದಿಲ್ಲವೆಂದು ತರುವಾಯದ ಸಂಶೋಧಕರು ತೋರಿಸಿದ್ದಾರೆ. ಆದರೂ ಕೆಲಸ ಕಲಿಸಿದವರಿಗೆಲ್ಲ ಇದರ ಪರಿಚಯವಿದ್ದೇ ಇರುತ್ತದೆ.

ಗಿಡದ ಕಸಿಯಲ್ಲಿ, ಎಂದರೆ ಕುಯ್ಲಿನ ನಂತರ ಬೇಡದ ರೆಂಬೆಗಳನ್ನು ಕತ್ತರಿಸುವ ಕೆಲಸದಲ್ಲಿ, ಹೊಸಬನು ಮೊದಲು ಒಂದೊಂದು ರೆಂಬೆಯನ್ನು ನೋಡುತ್ತಾನೆ: ಒಣಗಿದುದು ಬೇಡ, ಒಳಮುಖವಾದುದು ಬೇಡ, ಒಂದರ ಮೇಲೊಂದು ಹೊರಳಿದುದು ಬೇಡ. ಪರಿಣತನು ಇಡೀ ಗಿಡವನ್ನು ನೋಡುತ್ತಾನೆ. ಮುಂದಿನ ವರ್ಷದ ಫಸಲು ಯಾವ ರೆಂಬೆಯಲ್ಲಿ ಬರಬೇಕೆಂಬುದು ಆತನ ಕಣ್ಣಿನ ಮುಂದಿರುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ತರುಣನ ವೇಗ ನಿಂತಂತೆ ಕಾಣುವುದು ಅಸಂಭವವಲ್ಲ. “ಇವನಿಂದ ಇಷ್ಟೇ” ಎಂದು ಯಜಮಾನನು ತೀರ್ಮಾನಿಸುವುದೂ, “ನನಗೆ ಇದು ಆಗದು” ಎಂದು ತರುಣನು ಬೆಂಗಳೂರಿನ ಬಸ್ಸು ಹತ್ತುವುದೂ ಇಂಥ ಕಾಲದಲ್ಲೇ. ಆಗ ಬೇಕಾದುದು ಸ್ವಲ್ಪ ಬೇರೆ ಬಗೆಯ ಕೆಲಸ, ಸ್ವಲ್ಪ ಹೆಚ್ಚಿನ ಜವಾಬ್ದಾರಿ. ಹತ್ತು ಗಿಡಗಳ ಒಂದು ಸಾಲನ್ನು ಅವನಿಗೇ ಬಿಟ್ಟು, ಮುಂದಿನ ವರ್ಷ ಫಸಲಿನಲ್ಲಿ ಅವನೇ ಪರಿಣಾಮವನ್ನು ನೋಡುವಂತೆ ಮಾಡಬಹುದು.

ತಪ್ಪನ್ನು ಹೇಳುವ ಧೈರ್ಯ

ಪಲ್ಪರಿನ ಅಂತರ ಸರಿಯಿಲ್ಲದಿದ್ದರೆ ಯಂತ್ರ ಬೀಜವನ್ನೇ ಕಚ್ಚುತ್ತದೆ. ಮೊದಲ ಹತ್ತು ನಿಮಿಷದಲ್ಲಿ ಹೇಳಿದರೆ ನಷ್ಟ ಒಂದು ಬುಟ್ಟಿ; ಮರುದಿನ ಕಂಡರೆ ಇಡೀ ದಿನದ ಹಣ್ಣು. ಯಂತ್ರದ ಬಳಿ ನಿಂತ ಹುಡುಗನಿಗೆ ಇದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಅವನು ಹೇಳುವನೇ ಎಂಬುದೇ ಪ್ರಶ್ನೆ.

ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಸಿಸಿ ೧೯೯೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಳ್ಳೆಯ ನಾಯಕತ್ವವಿದ್ದ ವಿಭಾಗಗಳಲ್ಲಿ ತಪ್ಪುಗಳು ಕಡಿಮೆಯಿರಬಹುದೆಂಬುದು ಅವರ ನಿರೀಕ್ಷೆ. ಕಂಡುಬಂದದ್ದು ಇದಕ್ಕೆ ವಿರುದ್ಧ: ಅಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದುವು! ವಿಚಾರಿಸಿ ನೋಡಿದಾಗ, ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಜನ ಹೆದರುತ್ತಿರಲಿಲ್ಲವೆಂದೂ, ಉಳಿದ ಕಡೆ ಮುಚ್ಚಿಡುತ್ತಿದ್ದರೆಂದೂ ಅರ್ಥಮಾಡಿಕೊಳ್ಳಬೇಕಾಯಿತು. ಅಳೆದ ಸಂಖ್ಯೆಗೂ ಅಳತೆಯ ವಿಧಾನಕ್ಕೂ ಇರುವ ಸಂಬಂಧವನ್ನು ಭೌತವಿಜ್ಞಾನಿಗಳಾದ ನಾವು ಚೆನ್ನಾಗಿ ಬಲ್ಲೆವು. ತಪ್ಪೇ ವರದಿಯಾಗದ ತೋಟ ತಪ್ಪಿಲ್ಲದ ತೋಟವಲ್ಲ. ಮಾಪಕ ಕೆಟ್ಟಿರುವ ತೋಟವಾಗಿರಬಹುದು.

ಒಬ್ಬ ನಿರ್ದೇಶಕ, ಒಬ್ಬ ಸಹಾಯಕ

ಇನ್ನು ಈ ಬೆಟ್ಟಗಳಿಗೇ ಸಂಬಂಧಪಟ್ಟ ಒಂದು ಐತಿಹಾಸಿಕ ಉದಾಹರಣೆಯನ್ನು ನೋಡೋಣ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಶಿಲೀಂಧ್ರಗಳನ್ನೂ ಕೀಟಗಳನ್ನೂ ಅವರೊಬ್ಬರೇ ನೋಡಿಕೊಳ್ಳಬೇಕಾಗಿತ್ತು. ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದವರು ಇವರೇ. ಅದೇ ವರ್ಷ ಅವರ ಕೈಕೆಳಗೆ ಸಹಾಯಕರಾಗಿ ಸೇರಿದ ತರುಣ ಕೆ. ಕುಂಞಿಕಣ್ಣನ್.

ಆ ಕಾಲದಲ್ಲಿ ಸಹಾಯಕನ ಕೆಲಸವೆಂದರೆ ಕೀಟಗಳನ್ನು ಹಿಡಿದು ತರುವುದು, ಗಾಜಿನ ಪೆಟ್ಟಿಗೆಯಲ್ಲಿ ಸಾಕುವುದು, ಬರೆದುಕೊಳ್ಳುವುದು. ಹೆಸರು ಮೇಲಧಿಕಾರಿಯದು. ಕೋಲ್ಮನ್ ಹಾಗೆ ಮಾಡಲಿಲ್ಲ. ೧೯೧೧ರಲ್ಲಿ ಭತ್ತದ ಮಿಡತೆಯನ್ನು ಕುರಿತು ಇಲಾಖೆಯಿಂದ ಹೊರಟ ಪ್ರಕಟಣೆಯಲ್ಲಿಯೂ, ೧೯೧೮ರಲ್ಲಿ ದಕ್ಷಿಣ ಭಾರತದ ಕಾಫಿಯನ್ನು ಕಾಡುವ ಶಲ್ಕಕೀಟಗಳನ್ನು ಕುರಿತ ಪ್ರಕಟಣೆಯಲ್ಲಿಯೂ ಇಬ್ಬರ ಹೆಸರುಗಳೂ ಜೊತೆಯಲ್ಲೇ ಅಚ್ಚಾದುವು. ತರುವಾಯ ಕುಂಞಿಕಣ್ಣನ್ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ ಡಾಕ್ಟರೇಟ್ ಪದವಿ ಪಡೆದರು. ಮರಳಿ ಬಂದು ಮೈಸೂರಿನ ಕೀಟವಿಜ್ಞಾನಿಯ ಹುದ್ದೆಯನ್ನು ಅಲಂಕರಿಸಿದ ಮೊದಲ ಭಾರತೀಯರೆನಿಸಿದರು. ೧೯೩೧ರಲ್ಲಿ ಅವರು ಅಕಾಲ ಮೃತ್ಯುವಿಗೆ ತುತ್ತಾದದ್ದು ಸಂಸ್ಥಾನಕ್ಕೆ ದೊಡ್ಡ ನಷ್ಟ. ಕೆಲಸದಲ್ಲಿ ಪಾಲು, ಹೆಸರಿನಲ್ಲಿ ಪಾಲು, ಮುಂದಿನ ವಿದ್ಯೆಗೆ ದಾರಿ, ಕೊನೆಗೆ ಸ್ವತಂತ್ರ ಅಧಿಕಾರ: ಚಪ್ಪರದ ನೆರಳನ್ನು ಕ್ರಮವಾಗಿ ತೆಳುಮಾಡುವುದೆಂದರೆ ಇದೇ ಅಲ್ಲವೆ?

ಕೋಲ್ಮನ್ನರ ಕಾಲದಲ್ಲಿಯೇ, ೧೯೨೫ರಲ್ಲಿ, ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಶಾಲೆ ಸ್ಥಾಪಿತವಾಯಿತು. ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಕಾಫಿಯ ತಳಿ ಸಂಶೋಧನೆಯ ಗತಿ ಬಹಳ ನಿಧಾನ. ಸಸಿ ಫಲ ಕೊಡಲು ಮೂರು–ನಾಲ್ಕು ವರ್ಷ ಬೇಕು. ಕೆಲವು ತಲೆಮಾರುಗಳ ಗಿಡಗಳನ್ನು ಪರೀಕ್ಷಿಸುವಷ್ಟರಲ್ಲಿ ಮನುಷ್ಯನ ಸೇವಾವಧಿಯೇ ಮುಗಿಯುತ್ತದೆ. ಚಿಕ್ಕಮಗಳೂರಿನ ದೊಡ್ಡೇನ್‌ಗುಡ್ಡ ತೋಟದಲ್ಲಿ ಕೆಂಟ್ ಎಂಬ ಬೆಳೆಗಾರನು ೧೯೧೧ರಲ್ಲಿ ಗುರುತಿಸಿದ ಗಿಡದಿಂದ ‘ಕೆಂಟ್ಸ್’ ತಳಿ ಬಂದಿತು. ಎಲೆತುಕ್ಕು ರೋಗದ ಶಿಲೀಂಧ್ರದಲ್ಲಿ ಬೇರೆಬೇರೆ ಪ್ರಭೇದಗಳಿವೆಯೆಂದು ಬಾಳೆಹೊನ್ನೂರಿನಲ್ಲಿ ೧೯೩೦ರ ದಶಕದಲ್ಲಿ ಮೇಯ್ನ್ ಕಂಡುಹಿಡಿದರು. ‘ಎಸ್. ೨೮೮’ ಎಂಬ ಆಯ್ಕೆಯನ್ನು ಕೆಂಟ್ಸಿನೊಂದಿಗೆ ಸಂಕರಮಾಡಿ ಪಡೆದ ‘ಎಸ್. ೭೯೫’ ೧೯೪೦ರ ದಶಕದಲ್ಲಿ ಬೆಳೆಗಾರರ ಕೈಸೇರಿತು, ಇದರೊಂದಿಗೆ ಆರ್. ಎಲ್. ನರಸಿಂಹಸ್ವಾಮಿಯವರ ಹೆಸರು ಸೇರಿಕೊಂಡಿದೆ. ಈ ಬೆಟ್ಟಗಳಲ್ಲಿ ಇಂದಿಗೂ ಆ ತಳಿ ಬೆಳೆಯುತ್ತಿದೆ. ಒಬ್ಬನು ಬಿಟ್ಟಲ್ಲಿಂದ ಇನ್ನೊಬ್ಬನು ಮುಂದುವರಿಸದಿದ್ದರೆ ಇದು ಸಾಧ್ಯವಿರಲಿಲ್ಲ. ಕಿರಿಯರನ್ನು ಬೆಳೆಸುವುದು ಅಲ್ಲಿ ಔದಾರ್ಯವಲ್ಲ. ಕೆಲಸದ ಸ್ವಭಾವವೇ ಅದನ್ನು ಬೇಡುತ್ತದೆ. ತೋಟವೂ ಅಂಥದೇ ಒಂದು ದೀರ್ಘ ಪ್ರಯೋಗ.

ಎಚ್ಚರಿಕೆಯ ಮಾತು

ಸಸಿಯ ಉಪಮಾನ ಸೊಗಸಾದುದೇ ಹೊರತು ಪ್ರಮಾಣವಲ್ಲ. ಮನುಷ್ಯರನ್ನು ಕುರಿತ ಪ್ರಯೋಗಗಳಲ್ಲಿ ಅವಸರದ ತೀರ್ಮಾನ ಸುಲಭ. ೧೯೨೪ರಲ್ಲಿ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ದೀಪದ ಬೆಳಕನ್ನು ಹೆಚ್ಚುಕಡಿಮೆ ಮಾಡಿ ಕೆಲಸಗಾರರ ಉತ್ಪನ್ನವನ್ನು ಅಳೆಯಲು ತೊಡಗಿದರು. ಬೆಳಕು ಹೆಚ್ಚಿಸಿದರೂ ಕಡಿಮೆಮಾಡಿದರೂ ಉತ್ಪನ್ನ ಏರಿತೆಂದೂ, ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆಂಬ ಭಾವನೆಯೇ ಇದಕ್ಕೆ ಕಾರಣವೆಂದೂ ಪುಸ್ತಕಗಳು ದಶಕಗಳ ಕಾಲ ಹೇಳಿದುವು. ಉಳಿದುಬಂದ ಅಂಕಿಗಳನ್ನು ಲೆವಿಟ್ ಮತ್ತು ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ೨೦೧೧ರಲ್ಲಿ ಮತ್ತೆ ಪರಿಶೀಲಿಸಿದಾಗ, ಕಥೆಯಲ್ಲಿದ್ದಷ್ಟು ಸ್ಪಷ್ಟವಾದ ಪರಿಣಾಮ ಅವುಗಳಲ್ಲಿ ಕಾಣಲಿಲ್ಲ. ಆದುದರಿಂದ ಬೆನ್ನುತಟ್ಟುವುದರಿಂದಲೇ ಎಲ್ಲವೂ ಆಗುವುದೆಂದು ತಿಳಿಯಬಾರದು. ನ್ಯಾಯವಾದ ಕೂಲಿ, ಸೋರದ ಲೈನುಮನೆ, ಮಕ್ಕಳ ಶಾಲೆ, ಕಾಯಿಲೆಗೆ ಔಷಧ, ಇವು ಮೊದಲು ಬೇಕು. ೧೯೫೧ರ ತೋಟಕಾರ್ಮಿಕರ ಕಾಯಿದೆ ಇಂಥ ಸೌಕರ್ಯಗಳನ್ನು ಮಾಲೀಕರ ಕರ್ತವ್ಯವೆಂದೇ ವಿಧಿಸಿತು. ಬೇರಿಗೆ ನೀರಿಲ್ಲದೆ ನೆರಳಿನ ವಿಚಾರ ವ್ಯರ್ಥ.

ಮೂಡಿಗೆರೆಯ ಬಳಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ವಾಚಕರು ಓದಿರಬಹುದು. ಊರಿನವರು ಕೆಲಸಕ್ಕೆ ಬಾರದವನೆಂದು ಎಣಿಸಿದ ಮಂದಣ್ಣನಲ್ಲಿ ವಿಜ್ಞಾನಿಯಾದ ಕರ್ವಾಲೊ ಅಪೂರ್ವವಾದ ವೀಕ್ಷಣಶಕ್ತಿಯನ್ನು ಕಾಣುತ್ತಾರೆ. ಕಥೆಯಾದರೂ ಇದರಲ್ಲಿ ಮಾಲೀಕರಿಗೂ ಮೇಸ್ತ್ರಿಗಳಿಗೂ ಒಂದು ಪಾಠವಿದೆ: ಹೊಸಬನಿಗೆ ಏನು ಬಾರದು ಎಂಬುದರ ಜೊತೆಗೆ, ಅವನಿಗೆ ಏನು ಕಾಣುತ್ತದೆ ಎಂಬುದನ್ನೂ ಕೇಳಬೇಕು.

ಮುಂದಿನ ಕುಯ್ಲು ಆರಂಭವಾಗುವ ಮುನ್ನ ಪ್ರತಿಯೊಂದು ತೋಟದವರೂ ಒಂದು ಸಣ್ಣ ಕೆಲಸವನ್ನು ಮಾಡಬಹುದು. ತಮ್ಮಲ್ಲಿರುವ ಅತ್ಯಂತ ಹಿರಿಯ ಕೆಲಸಗಾರ ಯಾರು, ಅತ್ಯಂತ ಕಿರಿಯನು ಯಾರು ಎಂದು ನೋಡಿ, ಇಬ್ಬರನ್ನೂ ಒಂದು ವಾರ ಒಂದೇ ಸಾಲಿನಲ್ಲಿ ಕೆಲಸಕ್ಕೆ ಹಾಕಲಿ. ಕಲಿಸುವುದಕ್ಕೆ ಹಿಡಿದ ಸಮಯಕ್ಕೆ ಹಿರಿಯನ ಕೂಲಿಯಲ್ಲಿ ಕಡಿತ ಮಾಡದಿರಲಿ, ಅದೂ ಕೆಲಸವೇ. ಕಿರಿಯನ ಕೈಗೆ ಒಂದು ಪುಸ್ತಕ ಕೊಟ್ಟು, ಹಿರಿಯನು ಹೇಳಿದ್ದನ್ನು ಅವನ ಭಾಷೆಯಲ್ಲೇ ಬರೆದಿಡಲು ಹೇಳಲಿ. ವಾರದ ಕೊನೆಯಲ್ಲಿ ಆ ಪುಸ್ತಕದಲ್ಲಿ ನಾಲ್ಕು ಪುಟ ತುಂಬಿದ್ದರೂ, ಇದುವರೆಗೆ ಎಲ್ಲಿಯೂ ಬರೆದಿರದ ನಾಲ್ಕು ಪುಟಗಳು ಅವು.